ಖೈರುನಬಿಯ ಹಿಟ್ಟಿನ ಮಿಷನ್ನು

ಆಟೋದಿಂದ ಇಳಿಸಿದಾಗಲೇ ಮೂಗಿಗೆ ಗೊತ್ತಾಯಿತು.
ಸುಟ್ಟ ವಾರ್ನಿಷ್ಷಿಗೆ ದೇಶ ಭಾಷೆ ಇಲ್ಲ.
ಬೋರಿನ ಮೋಟರಿರಲಿ, ಬೀಗರು ಕೊಟ್ಟ ಮಿಕ್ಸಿಯಿರಲಿ
ಅದೇ ಹುಳಿ, ಅದೇ ಗಂಟಲ ಕೆರೆತ.

ಬಿಳಿ ಎನಾಮಲ್ಲಿನ ಬೋಗುಣಿ, ಒಳಗೊಂದು ಕೊಕ್ಕೆ,
ಪಕ್ಕದಲ್ಲಿ ನಿಮಿಷ ಎಣಿಸುವ ತಿರುಗುಗುಂಡಿ,
ಬೆನ್ನ ಮೇಲೆ ಅರಬ್ಬಿಯಲ್ಲಿ ಎರಡು ಸಾಲು,
ಕೆಳಗೆ ನನಗೂ ಓದಲು ಬರುವ ಅಂಕಿ:
ನೂರ ಇಪ್ಪತ್ತೇಳು.

'ಎಲ್ಲಿಗೆ ಚುಚ್ಚಿದ್ರಿ?' ಅಂದೆ.
'ಗೋಡೆಗೆ' ಅಂದರು ಖೈರುನಬಿ,
'ಇನ್ನೆಲ್ಲಿಗೆ ಚುಚ್ಚಲಿ?'

ಹನ್ನೊಂದು ವರ್ಷ ಜೆಡ್ಡಾದ ಒಂದು ಮನೆಯಲ್ಲಿ
ಇಪ್ಪತ್ತು ಮಂದಿಗೆ ಇದರಲ್ಲೇ ಹಿಟ್ಟು ನಾದಿದವರು.
ಬರುವಾಗ ಯಜಮಾನಿ ಬಾಕಿ ಸಂಬಳದ ಬದಲು
ಕಂಬಳಿಯಲ್ಲಿ ಸುತ್ತಿ ಇದನ್ನೇ ಕೊಟ್ಟಳಂತೆ.
ಭಾಷಾನಗರದಲ್ಲಿ, ಮಂಡಕ್ಕಿ ಭಟ್ಟಿಯ ಹಿಂದುಗಡೆ,
ಓಣಿಯ ಹೆಂಗಸರೆಲ್ಲ ನೆರೆದು ನೋಡುತ್ತಿರುವಾಗ
ಒಂದು ಸಲ ಕಿರುಚಿತು. ಆಮೇಲೆ ಹೊಗೆ.
'ಹಿಟ್ಟು ಹಂಗೇ ಉಳೀತು. ನಾನೂ ಹಂಗೇ ನಿಂತೆ.'

ದಾವಣಗೆರೆ ಕರೆಂಟಿನ ಸ್ವಭಾವ ಹೇಳಿದೆ.
ಇನ್ನೂರಿಪ್ಪತ್ತು ಅನ್ನೋದು ಕಾಗದದ ಮೇಲಿನ ಹೆಸರು.
ಸಂಜೆ ಏಳಕ್ಕೆ ಊರೆಲ್ಲ ಒಟ್ಟಿಗೆ ಸ್ವಿಚ್ಚು ಒತ್ತಿದಾಗ
ನೂರೆಂಬತ್ತಕ್ಕೆ ಇಳಿದು ಟ್ಯೂಬ್‌ಲೈಟು ಕಣ್ಣು ಪಿಳುಕಿಸುತ್ತೆ,
ನಡುರಾತ್ರಿ ಕೇಳೋರಿಲ್ಲದಾಗ
ಇನ್ನೂರೈವತ್ತಕ್ಕೆ ಹತ್ತಿ ಫ್ರಿಜ್ಜಿನ ಎದೆ ಗುದ್ದುತ್ತೆ.
ನಿಮ್ಮ ಮಿಷನ್ನು ಅರೆಹೊಟ್ಟೆಗೆ ಹುಟ್ಟಿದ್ದು,
ಬಾಯಿಗೆ ಇಡೀ ಊಟ ತುರುಕಿದ್ರಿ.

ಇನ್ನೂರಿಪ್ಪತ್ತಕ್ಕೇ ಸುತ್ತಿಕೊಡ್ತೀನಿ ಅಂದೆ.
ಬೇಡ ಅಂದರು. 'ಅದರ ಹೊಟ್ಟೆ ಬದಲಿಸಬ್ಯಾಡ.
ಹೆಂಗಿತ್ತೋ ಹಂಗೇ ಇರಲಿ. ಕರೆಂಟನ್ನ ಇಳಿಸು.'

ಹಳೆಯ ಸುತ್ತೇ ಮತ್ತೆ ಸುತ್ತಿ ಮೋಟರು ಮುಚ್ಚಿದೆ.
ಗುಜರಿ ಸ್ಟೆಬಿಲೈಜರಿನ ತಗಡು ತಂದು ಬಾಕ್ಸು ಕಟ್ಟಿದೆ:
ಒಂದು ಕಡೆ ನಾನೂರ ನಲವತ್ತು ಸುತ್ತು,
ಇನ್ನೊಂದು ಕಡೆ ಇನ್ನೂರ ಐವತ್ತನಾಲ್ಕು.
ನಡುವೆ ಯಾರಾದರೂ ಮಾತಾಡಿಸಿದರೆ
ಮತ್ತೆ ಒಂದರಿಂದ.
ಚಾಮರಾಜಪೇಟೆಯ ನನ್ನ ಅಂಗಡಿ ತಗಡಿನ ಮೇಲೆ
ಎರಡು ಬಿಸಿಲು ಒಣಗಿತು. ರುಬ್ಬುಗುಂಡಿನಷ್ಟು ಭಾರ.
ಹಾಲೇಶಿ ಕೆಂಪು ಬಣ್ಣದಲ್ಲಿ ಬರೆದ: 'ಇದಕ್ಕೆ ಮಾತ್ರ'.

ವಾರ ಬಿಟ್ಟು ಬಂದರು,
ಬಟ್ಟೆಯಲ್ಲಿ ಸುತ್ತಿದ ದಪ್ಪ ಖಮೀರ ರೊಟ್ಟಿ.
'ತಿರುಗ್ತೈತೆ. ಆದ್ರೆ ಸೋಮಾರಿ ಆಗೈತೆ.
ಹತ್ತು ನಿಮಿಷಕ್ಕೆ ತಿರುವಿದ್ರೆ ಹನ್ನೆರಡು ತಗೋತೈತೆ,
ಗಡಿಯಾರ ಮುಂದಿಟ್ಕೊಂಡು ನೋಡೀನಿ.
ಅಲ್ಲಿ ಹಿಂಗಿರಲಿಲ್ಲ.'

ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡೀತೈತೆ,
ಇಲ್ಲಿ ಐವತ್ತೇ ಸಲ.
ಒತ್ತಡ ಇಳಿಸೋದು ನನ್ನ ಕೈಲೈತೆ ಅಕ್ಕಾರೆ,
ನಾಡಿ ನನ್ನ ಕೈಲಿಲ್ಲ.
ಸ್ವಲ್ಪ ಬಿಸಿ ಆಗುತ್ತೆ. ಮುಟ್ಟಿದ್ರೆ ಸುಡೋ ಹಂಗಾದ್ರೆ ನಿಲ್ಲಿಸಿ.

ಬೆರಳು ಮಡಚಿದರು, ಬಿಚ್ಚಿದರು.
'ಅಲ್ಲಿ ಅದು ಟಿಂಗ್ ಅನ್ನೋದರೊಳಗೆ
ನಾನು ಈರುಳ್ಳಿ ಹೆಚ್ಚಿ ಮುಗಿಸಬೇಕಿತ್ತು.
ಎಷ್ಟು ಓಡಿದ್ರೂ ಅದೇ ಮುಂದೆ.
ಇಲ್ಲಿ ನಿನ್ನೆ ಈರುಳ್ಳಿ ಮುಗೀತು,
ಕಣ್ಣು ಒರೆಸ್ಕೊಂಡೆ, ನೀರು ಕುಡಿದೆ,
ಇನ್ನೂ ತಿರುಗ್ತಾನೇ ಇತ್ತು.'

ರಿಪೇರಿ ಬ್ಯಾಡ, ಹಿಂಗೇ ಇರಲಿ ಅಂದರು.
ಬಾಕಿ ಮುನ್ನೂರು ಅಂದೆ. ಇನ್ನೂರೈವತ್ತು ಎಣಿಸಿಟ್ಟು
'ಅರವತ್ತಕ್ಕೆ ಐವತ್ತು. ಲೆಕ್ಕ ನಿಂದೇ'
ಅಂತ ಹೊರಟೇಬಿಟ್ಟರು.

ರೊಟ್ಟಿ ಹರಿಯುತ್ತ ಹಾಲೇಶಿ ಕೇಳಿದ,
'ಅವರಿಗೆ ಅರವತ್ತು, ನಮಗೆ ಐವತ್ತು,
ಯಾರಣ್ಣ ಹಂಚಿದ್ದು?'
ಇಪ್ಪತ್ತೆಂಟು ವರ್ಷದಿಂದ ತಂತಿ ಸುತ್ತುತ್ತಿದ್ದೇನೆ.
ಗೊತ್ತಿಲ್ಲ ಅಂದೆ.
ಏಳಾಗಿತ್ತು. ಟ್ಯೂಬ್‌ಲೈಟು ಪಿಳುಕಿಸಿತು.